ಒದ್ದೆ ಬಟ್ಟೆಯ ಇನ್ನೊಂದು ತುದಿ

ಹನ್ನೊಂದನೆಯ ಅಂಗಿಯ ಕಾಲರಿಗೆ ಬಂದಾಗ ಅವನಿಗೆ ಹೊಳೆಯಿತು, ಇವತ್ತು ಇಸ್ತ್ರಿ ಪೆಟ್ಟಿಗೆಗೆ ಕೆಂಡವನ್ನೇ ಹಾಕಿಲ್ಲ. ಹೊಳೆದರೂ ಕೈ ನಿಲ್ಲಲಿಲ್ಲ. ಮೂವತ್ತು ವರ್ಷ ಒಂದೇ ಕೆಲಸ ಮಾಡಿದ ಕೈಗೆ ತಲೆಯ ಮಾತು ಕೇಳುವ ಅಭ್ಯಾಸ ತಪ್ಪಿಹೋಗಿರುತ್ತದೆ. ಅದು ಕಾಲರಿನ ಈ ತುದಿಯಿಂದ ಆ ತುದಿಗೆ ಹೋಗಿ, ತಿರುಗಿ ಬಂದು, ತೋಳುಗಳನ್ನು ಬೆನ್ನಿಗೆ ಮಡಿಸಿ, ಹತ್ತು ಅಂಗಿಗಳ ಮೇಲೆ ಹನ್ನೊಂದನೆಯದನ್ನು ಇಟ್ಟು, ಆಮೇಲೆ ನಿಂತಿತು. ಪೆಟ್ಟಿಗೆಯ ಮುಚ್ಚಳ ಎತ್ತಿ ನೋಡಿದ. ಒಳಗೆ ನಿನ್ನೆಯ ಬೂದಿ ತಣ್ಣಗೆ ಮಲಗಿತ್ತು. ಮೂಲೆಯ ಇದ್ದಿಲಿನ ಬುಟ್ಟಿಯ ಮೇಲೆ ನಿನ್ನೆ ಮುಚ್ಚಿದ ಗೋಣಿ ಹಾಗೇ ಇತ್ತು. ಬೆರಳನ್ನು ನಾಲಿಗೆಗೆ ತಾಗಿಸಿ ಪೆಟ್ಟಿಗೆಯ ತಳ ಮುಟ್ಟಿದ, ಚುಂಯ್ ಎಂದಿತು. ಹಿಡಿಯನ್ನು ಬಿಟ್ಟು, ಇಪ್ಪತ್ತು ಎಣಿಸಿ, ಮತ್ತೆ ಮುಟ್ಟಿದ, ಸುಮ್ಮನಿತ್ತು. ಹಿಡಿ ಹಿಡಿದ, ಚುಂಯ್. ಪಕ್ಕದಲ್ಲಿದ್ದ ನೀರಿನ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಬಾಗಿಲ ಕಡೆ ಕಳ್ಳನಂತೆ ನೋಡುತ್ತ ನಿಂತ. ನೀರು ಮೊದಲು ಬೆಚ್ಚಗಾಯಿತು, ಆಮೇಲೆ ಅದರ ಮೇಲೆ ಸಣ್ಣ ಹಬೆ ಎದ್ದಿತು. ಲೋಟವನ್ನು ಮೇಜಿನ ಮೇಲಿಟ್ಟು ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಇವತ್ತೇ ಆಗಬೇಕಿತ್ತೆ ಇದು, ಇಡೀ ವರ್ಷದಲ್ಲಿ ಬೇರೆ ದಿನವೇ ಸಿಗಲಿಲ್ಲವೆ?

ಈ ಊರಿನಲ್ಲಿ ಮಕ್ಕಳಿಗೆ ಮೊದಲು ಹೇಳುವ ಕಥೆಯೇ ಘಟಸರ್ಪದ್ದು. ಪ್ರಪಂಚದ ಮೊದಲ ಘಟಸರ್ಪ ಬಂಗಾರದ ರಾಶಿಯ ಮೇಲೆ ಸುರುಳಿ ಸುತ್ತಿಕೊಂಡು, ಹೊಟ್ಟೆಯೊಳಗೆ ಬೆಂಕಿ ಇಟ್ಟುಕೊಂಡು ಕೂತಿತ್ತಂತೆ; ಯಾರು ಹತ್ತಿರ ಬಂದರೂ ಉಸಿರು ಬಿಟ್ಟು ಸುಡುತ್ತಿತ್ತಂತೆ. ಒಂದು ದಿನ, ಯಾಕೋ ಏನೋ, ರಾಶಿ ಬಿಟ್ಟು ಎದ್ದಿತಂತೆ. ಎದ್ದಮೇಲೆಯೇ ಅದಕ್ಕೆ ಗೊತ್ತಾಗಿದ್ದು ತನಗೆ ರೆಕ್ಕೆ ಇದೆ ಎಂದು. ಕಾಯುತ್ತ ಕಾಯುತ್ತ ಬಿಚ್ಚಿಯೇ ಇರಲಿಲ್ಲ. ಅದು ಹಾರಿಹೋಯಿತು, ಬೆಂಕಿ ಮನುಷ್ಯರಲ್ಲಿ ಒಂದೊಂದು ಕಿಡಿಯಾಗಿ ಉಳಿಯಿತು. ಯಾರೊಳಗಾದರೂ ಆ ಕಿಡಿ ಹೊತ್ತಿಕೊಂಡು, ಯಾರನ್ನೂ ಸುಡದೆ ತನ್ನಷ್ಟಕ್ಕೆ ಉರಿಯತೊಡಗಿದರೆ ಅವರು ಘಟಸರ್ಪವಾದರು ಎನ್ನುತ್ತಾರೆ. ಹಾಗೆ ಆದವರಿಗೆ ಬಾಲ ಬರುವುದಿಲ್ಲ, ಮೈಮೇಲೆ ಹುರುಪೆ ಏಳುವುದಿಲ್ಲ. ಅವೆಲ್ಲ ಚಿತ್ರ ಬರೆಯುವವರ ಹೊಟ್ಟೆಪಾಡು. ಕೈ ಬಿಸಿಯಾಗುತ್ತದೆ, ಕೆಂಡ ಅವರನ್ನು ಸುಡುವುದಿಲ್ಲ, ಅವರು ಒರಗಿ ಕೂತ ಗೋಡೆ ಬೆಚ್ಚಗಾಗುತ್ತದೆ. ಚಳಿಗಾಲದಲ್ಲಿ ನೆರೆಯವರು ಬಂದು ಆ ಗೋಡೆಯ ಆಚೆ ಬದಿಗೆ ಬೆನ್ನು ಕೊಟ್ಟು ಕೂರುತ್ತಾರೆ. ಇಷ್ಟೇ ಘಟಸರ್ಪದಿಂದ ಊರಿಗೆ ಆಗುವ ಉಪಕಾರ, ಆದರೆ ಚಳಿ ತಿಂದವರಿಗೆ ಅದು ಕಡಿಮೆಯೇನಲ್ಲ. ಊರಿನ ಪುಸ್ತಕದಲ್ಲಿ ಇದುವರೆಗೆ ಹದಿನಾಲ್ಕು ಹೆಸರುಗಳಿವೆ: ಒಬ್ಬಳು ಸೂಲಗಿತ್ತಿ, ಒಬ್ಬ ಬಾವಿ ತೋಡುವವನು, ಒಬ್ಬ ಮೇಷ್ಟ್ರು, ಹೀಗೆ. ಹದಿನೈದನೆಯ ಹೆಸರು ತನ್ನದಾಗಬೇಕೆಂದು ಇಪ್ಪತ್ತೆರಡು ವರ್ಷಗಳಿಂದ ಸಾಧನೆ ಮಾಡುತ್ತಿದ್ದವಳು ಅವನ ಅಕ್ಕ. ಇವತ್ತು ಮಧ್ಯಾಹ್ನ ಮೂರು ಗಂಟೆಗೆ ಅವಳ ಪರೀಕ್ಷೆ.

ಅವನೋ, ಎಂಥ ಘಟಸರ್ಪ! ಬೀದಿಯವರು ಅವನನ್ನು ಗರಿಗರಿ ಎಂದು ಕರೆಯುತ್ತಾರೆ, ಅವನ ಕೈಯಿಂದ ಹೋದ ಬಟ್ಟೆ ಹಾಗಿರುತ್ತದೆಂದು. ಅವನು ಮಾತ್ರ ಮುದುಡಿದ ಮನುಷ್ಯ. ನಿನ್ನೆ ತಾನೆ ಹಾಲಿಗೆ ನೀರು ಬೆರೆಸಿದ್ದೀಯೆಂದು ಹಾಲಿನವಳ ಜೊತೆ ಜಗಳವಾಡಿದ್ದ, ಅದೂ ತಪ್ಪು ಅವಳದಲ್ಲ ಎಂದು ಗೊತ್ತಾದಮೇಲೂ. ಬ್ಯಾಂಡ್ ಮೇಳದ ಮುಖ್ಯಸ್ಥನ ಹೊಸ ಪ್ಯಾಂಟು ಇಸ್ತ್ರಿಗೆ ಬಂದಾಗ ಒಂದು ದಿನ ಅದನ್ನು ತಾನೇ ಹಾಕಿಕೊಂಡು ಊರೆಲ್ಲ ಸುತ್ತಿ, ಮತ್ತೆ ತೀಡಿ ವಾಪಸು ಕೊಟ್ಟಿದ್ದ. ಒಬ್ಬ ಹೆಂಗಸಿನ ರೇಷ್ಮೆ ಕುಪ್ಪಸ ಸುಟ್ಟು, 'ಇದು ನಿಮ್ಮದಲ್ಲ, ನಿಮ್ಮದು ಬಂದೇ ಇಲ್ಲ' ಎಂದು ಮುಖ ನೋಡಿ ಹೇಳಿದ್ದ. ಇಂಥವನಿಗೆ ಬಂದ ಬೆಂಕಿಗೆ ವಿಳಾಸ ತಪ್ಪಿರಬೇಕು, ಒಂದೇ ಮನೆ, ಬಾಗಿಲು ತಟ್ಟುವಾಗ ಕತ್ತಲಲ್ಲಿ ಅಕ್ಕನ ಕೋಣೆ ಬಿಟ್ಟು ಈ ಕಡೆ ಬಂದಿರಬೇಕು, ಎಂದುಕೊಂಡ. ಹೇಳಿ ವಾಪಸು ಕಳಿಸುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಅಕ್ಕ ಏನೇನು ಮಾಡಿರಲಿಲ್ಲ? ತಣ್ಣೀರಲ್ಲೇ ಸ್ನಾನ. ಸಿಟ್ಟು ಬಿಟ್ಟಿದ್ದಳು, ಬೆಕ್ಕು ಹಾಲಿನ ಪಾತ್ರೆಗೆ ಬಾಯಿ ಹಾಕಿದರೂ 'ಹೋಗಪ್ಪಾ' ಎಂದು ಮೆಲ್ಲಗೆ ಹೇಳುತ್ತಿದ್ದಳು, ಬೆಕ್ಕು ಕುಡಿದು ಮುಗಿಸಿ ಹೋಗುತ್ತಿತ್ತು. ಚಿಕ್ಕಂದಿನಲ್ಲಿ ಅವಳ ಗಂಟಲು ಬೀದಿಯ ಆ ತುದಿಗೆ ಕೇಳುತ್ತಿತ್ತು, 'ಲೋ, ಬಂದೇನಂದ್ರೆ ನೋಡು!' ಎಂದು ಅವಳು ಕೂಗಿದರೆ ಅವನು ಆಟ ಬಿಟ್ಟು ಓಡಿ ಬರುತ್ತಿದ್ದ. ಆ ದನಿ ಎಲ್ಲಿ ಹೋಯಿತೋ. ಎಲ್ಲಕ್ಕಿಂತ ದೊಡ್ಡ ಕಷ್ಟವೆಂದರೆ ಊಟದ್ದು. ಹೊರಗಿನ ಬಿಸಿ ಒಳಗೆ ಹೋದರೆ ಒಳಗಿನ ಬಿಸಿ ಏಳುವುದಿಲ್ಲ ಎಂದು ಯಾರೋ ಹೇಳಿದ್ದರು, ಅಂದಿನಿಂದ ಅವಳು ಬೇಯಿಸಿದ್ದನ್ನೆಲ್ಲ ತಣಿಸಿಯೇ ತಿಂದಳು. ಅಡುಗೆ ಅವಳದಾದ್ದರಿಂದ ಅವನೂ ತಿಂದ. ಇಪ್ಪತ್ತೆರಡು ವರ್ಷ ತಣ್ಣನೆಯ ಗಂಜಿ. ಇಷ್ಟು ಮಾಡಿಯೂ ಮೂರು ಸಲ ಪರೀಕ್ಷೆಗೆ ಕೂತು ಮೂರು ಸಲವೂ ಆಗಲಿಲ್ಲ. ನಾಲ್ಕನೆಯದೇ ಕೊನೆ, ಐದನೆಯದಕ್ಕೆ ಅವಕಾಶವಿಲ್ಲ. ಪರೀಕ್ಷೆ ಸುಲಭದ್ದೇ: ಬಾವಿಯ ನೀರಲ್ಲಿ ಅದ್ದಿದ ಉದ್ದನೆಯ ಬಟ್ಟೆಯ ಒಂದು ತುದಿಯನ್ನು ಪರೀಕ್ಷೆಗೆ ಬಂದವರು ಹಿಡಿಯಬೇಕು, ಇನ್ನೊಂದು ತುದಿಯನ್ನು ಅವರ ಒಡಹುಟ್ಟಿದವರು, ಇಲ್ಲವಾದರೆ ಮನೆಯವರು ಯಾರಾದರೂ ಹಿಡಿಯಬೇಕು, ಪರೀಕ್ಷೆ ಮಾಡುವವರು ಒಂದು ಲೋಟ ಕುಡಿದು ಮುಗಿಸುವುದರೊಳಗೆ ಬಟ್ಟೆ ಒಣಗಬೇಕು. ಮೂರು ಸಲವೂ ಆ ಇನ್ನೊಂದು ತುದಿ ಹಿಡಿದವನು ಅವನೇ. ಮೂರನೆಯ ಸಲ, ಏಳು ವರ್ಷದ ಹಿಂದೆ, ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿದ್ದಾಗ, ಎಲ್ಲರ ಮುಂದೆ, ಸುಮ್ಮನಿರಲಾರದೆ, 'ಅಕ್ಕಾ, ಬಿಸಿಲಿಗೆ ಹಾಕು, ಒಣಗತ್ತೆ' ಎಂದಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕನೂ ನಕ್ಕಳು. ಮರುದಿನ ಮನೆಯ ಬಟ್ಟೆಗಳ ಜೊತೆ ಇಸ್ತ್ರಿಗೆ ಬಂದ ಅವಳ ದಿಂಬಿನ ಗವಸು ಇನ್ನೂ ಒದ್ದೆಯಾಗಿತ್ತು. ಅದನ್ನು ಅವನು ಮೂರು ಸಲ ತೀಡಿದ. ಬಟ್ಟೆ ಒಣಗಿತು, ಅವನಿಗೆ ಮಾತ್ರ ಇವತ್ತಿಗೂ ಆ ಒದ್ದೆ ಕೈಗೆ ಹತ್ತಿದ ಹಾಗೇ ಇದೆ.

ಊಟಕ್ಕೆ ಮನೆಗೆ ಹೋದಾಗ ಅಕ್ಕ ಎಂದಿನಂತೆ ಎರಡು ತಟ್ಟೆ ಇಟ್ಟುಕೊಂಡು ಕೂತಿದ್ದಳು. ಪರೀಕ್ಷೆಗೆಂದು ತೆಗೆದಿಟ್ಟ ಸೀರೆ ಉಟ್ಟಾಗಿತ್ತು. ಅದನ್ನು ಅವನೇ ಇಸ್ತ್ರಿ ಮಾಡಿದ್ದ, ಒಂದು ಗೆರೆ ಆಚೀಚೆ ಇರಲಿಲ್ಲ. ಅವನು ಎಡಗೈಯನ್ನು ಮಡಿಲಲ್ಲಿ ಬಚ್ಚಿಟ್ಟು, ಬಲಗೈಯಿಂದ ಚಮಚ ಎತ್ತಿದ. ಚಮಚದಲ್ಲಿದ್ದ ಗಂಜಿ ಬಾಯಿಗೆ ಹೋಗುವುದರೊಳಗೆ ಬಿಸಿಯಾಗಿತ್ತು. ಇಪ್ಪತ್ತೆರಡು ವರ್ಷದ ಮೇಲೆ ಬಿಸಿ ಗಂಜಿ! ಗಂಟಲಿನಿಂದ ಹೊಟ್ಟೆಯವರೆಗೂ ಅದು ಇಳಿದ ದಾರಿಯೆಲ್ಲ ಅವನಿಗೆ ತಿಳಿಯಿತು, ಕಣ್ಣಲ್ಲಿ ನೀರೇ ಬಂತು. ತಟ್ಟೆಗೆ ಕೈ ಒತ್ತಿದ, ತಟ್ಟೆಯೆಲ್ಲ ಹೊಗೆಯಾಡಿತು. ಗಾಬರಿಯಾಗಿ ಮೊಣಕೈ ಅಡ್ಡ ಇಟ್ಟ.

"ಯಾಕೋ ತಮ್ಮಾ, ತಟ್ಟೇನ ಯಾರಾದ್ರೂ ಕಿತ್ಕೊಂಡು ಹೋಗ್ತಾರಾ?" ಎಂದಳು ಅಕ್ಕ, ತನ್ನ ಮೆಲುದನಿಯಲ್ಲಿ.

"ಹಸಿವು, ಅಕ್ಕ."

"ತಿನ್ನು, ತಿನ್ನು. ಇನ್ನೂ ಇದೆ." ಅವಳು ತನ್ನ ತಟ್ಟೆಯನ್ನು ಮುಟ್ಟಿರಲಿಲ್ಲ. "ಈ ಸಲಾನೂ ಆಗ್ಲಿಲ್ಲ ಅಂದ್ರೆ ಏನು ಮಾಡೋದೋ? ಬೆಳಿಗ್ಗೆ ಎದ್ದು ಏನು ಮಾಡ್ಬೇಕು ಅಂತಾನೇ ಗೊತ್ತಾಗ್ತಿಲ್ಲ ನಂಗೆ" ಎಂದಳು. ಅಷ್ಟು ಹೇಳಿ ನಕ್ಕುಬಿಟ್ಟಳು, ಆ ನಗು ಅವನ ಎದೆಗೆ ಚುಚ್ಚಿತು. ಹೇಳಿಬಿಡಲೇ? ಹೇಗೆ ಹೇಳುವುದು? ಅಕ್ಕಾ, ನೀನು ಇಪ್ಪತ್ತೆರಡು ವರ್ಷ ಕಾದದ್ದು ಬೆಳಿಗ್ಗೆ ಹನ್ನೊಂದು ಅಂಗಿ ತೀಡುವಾಗ ನನಗೆ ಬಂತು, ಎಂದೇ? ಆಗ ಗಂಜಿಯ ಕೊನೆಯ ಚಮಚ ಬಾಯಿಗಿಡುತ್ತಿದ್ದಂತೆ ಅವನಿಗೆ ಥಟ್ಟನೆ ತಿಳಿಯಿತು: ಹೇಳುವ ಅಗತ್ಯವೇ ಇಲ್ಲ. ಇನ್ನೊಂದು ತುದಿ ಹಿಡಿಯುವವನು ತಾನೇ. ತಾನು ಹಿಡಿದರೆ ಬಟ್ಟೆ ಒಣಗುತ್ತದೆ. ಬಟ್ಟೆ ಒಣಗಿದರೆ ಅಕ್ಕನ ಹೆಸರು ಬರೆಯುತ್ತಾರೆ. ಮುಗಿಯಿತಲ್ಲ! ಮೋಸವೇ ಸರಿ. ಆದರೆ ಯಾರಿಗೆ ಮೋಸ? ಬಟ್ಟೆಗೆ?

"ಆಗತ್ತೆ ಅಕ್ಕ, ನೋಡ್ತಿರು" ಎಂದ, ಎದ್ದು ಕೈ ತೊಳೆಯುತ್ತ. ತೊಳೆದ ಕೈಯನ್ನು ಒರೆಸಿಕೊಳ್ಳಬೇಕಾಗಲಿಲ್ಲ.

ಬೀದಿಯ ಕೊನೆಯ ಸಭಾಂಗಣಕ್ಕೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಯೋಚನೆ ಅವನ ಹಿಂದೆಯೇ ಬಂತು. ಬೇಡವೆಂದರೂ ಬಂತು. ಅವನ ಅಂಗಡಿಗೂ ಅದರ ಬೆನ್ನಿಗಿರುವ ದರ್ಜಿಯ ಅಂಗಡಿಗೂ ನಡುವೆ ಒಂದೇ ಗೋಡೆ. ಕೆಂಡ ಇರುವುದು ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಇರುವುದು ಬಾಗಿಲ ಹತ್ತಿರದ ಮೇಜಿನ ಮೇಲೆ, ಹಾಗಾಗಿ ಹಿಂದಿನ ಆ ಗೋಡೆ ಚಳಿಗಾಲವಿಡೀ ತಣ್ಣಗೆ ಬೆವರುತ್ತಿರುತ್ತದೆ, ದರ್ಜಿ ಅದಕ್ಕೆ ಬೈಯದ ದಿನವಿಲ್ಲ. ಆ ಗೋಡೆ ಬೆಚ್ಚಗಾದರೆ? ದರ್ಜಿ ಬೆನ್ನು ಕೊಟ್ಟು ಕೂತರೆ? ಜನ ಸಾಲಾಗಿ ಬಂದು ಕೂತರೆ? 'ಗರಿಗರಿ ಘಟಸರ್ಪವಾದನಂತೆ' ಎಂದು ಹಾಲಿನವಳು ಬಾಯಿ ಮೇಲೆ ಕೈ ಇಟ್ಟುಕೊಂಡರೆ? ಥೂ, ಎಂದು ತಲೆ ಕೊಡವಿದ. ಪಕ್ಕದಲ್ಲಿ ಅಕ್ಕ ಸೀರೆಯ ನೆರಿಗೆ ಕೆಡದಂತೆ ಸಣ್ಣ ಸಣ್ಣ ಹೆಜ್ಜೆ ಇಡುತ್ತಿದ್ದಳು.

ಪರೀಕ್ಷೆಯಮ್ಮ ಎಂದು ಎಲ್ಲರೂ ಕರೆಯುವ ಮುದುಕಿ ಮಂಡಿನೋವಿನವಳು, ಒಂದು ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ನೀಡಿ ಕೂತಿದ್ದಳು. ಮುಂದೆ ಊರಿನ ಪುಸ್ತಕ, ಪಕ್ಕದಲ್ಲಿ ಚಹಾದ ಲೋಟ. ಇಪ್ಪತ್ತು ಜನ ಸೇರಿದ್ದರು, ಮುಂದಿನ ಬೆಂಚಿನಲ್ಲಿ ದರ್ಜಿ, ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು. ಬಟ್ಟೆಯನ್ನು ಬಕೆಟ್ಟಿನಿಂದ ಎತ್ತಿ ಹಿಂಡದೆ ಅವರಿಬ್ಬರ ಕೈಗೆ ಕೊಟ್ಟರು. ಅಕ್ಕ ಕಣ್ಣು ಮುಚ್ಚಿದಳು. ಪರೀಕ್ಷೆಯಮ್ಮ ಲೋಟ ಎತ್ತಿ ಒಂದು ಗುಟುಕು ಕುಡಿದಳು. ಅವನು ತುದಿಯನ್ನು ಗಟ್ಟಿಯಾಗಿ ಹಿಡಿದು ಅಕ್ಕನ ಮುಖ ನೋಡುತ್ತಿದ್ದ. ಆ ಮುಖದಲ್ಲಿ ದಿಂಬಿನ ಗವಸು ಕಾಣಿಸಿತು, ಅಡುಗೆಮನೆಯಲ್ಲಿ ತಣಿಯಲೆಂದು ಸಾಲಾಗಿ ಇಟ್ಟ ಪಾತ್ರೆಗಳು ಕಾಣಿಸಿದವು, ಅವನಿಗೆ ಜ್ವರ ಬಂದಾಗ ಮಾತ್ರ ಅವನೊಬ್ಬನಿಗೆ ಬಿಸಿನೀರು ಕಾಯಿಸಿ, ಆ ಹಬೆ ತನಗೆ ತಾಗದಂತೆ ಮುಖ ತಿರುಗಿಸಿಕೊಂಡು ತಂದುಕೊಟ್ಟ ಅವಳು ಕಾಣಿಸಿದಳು. ಇವಳಿಗೆ ಸಿಗಲಿ, ನನ್ನದೆಲ್ಲ ಇವಳಿಗೇ ಹೋಗಲಿ, ಎಂದುಕೊಂಡ. ಅವನ ಬೆರಳುಗಳ ಸಂದಿಯಿಂದ ಹಬೆ ಎದ್ದಿತು.

"ಅಬ್ಬಬ್ಬಾ!" ಎಂದ ದರ್ಜಿ, ಬೆಂಚಿನಿಂದ ಎದ್ದು. ಜನ ಗುಜುಗುಜು ಎಂದರು. ಹಬೆ ಬಟ್ಟೆಯ ಉದ್ದಕ್ಕೂ ಹರಿಯಿತು, ತೊಟ್ಟಿಕ್ಕುವುದು ನಿಂತಿತು, ಬಟ್ಟೆ ಬೆಳ್ಳಗೆ ಹಗುರಾಗಿ ಗಾಳಿಗೆ ಉಬ್ಬಿತು. ಪರೀಕ್ಷೆಯಮ್ಮನ ಲೋಟದಲ್ಲಿ ಇನ್ನೂ ಅರ್ಧ ಚಹಾ ಇತ್ತು. ಅವಳು ಅದನ್ನು ಕೆಳಗಿಟ್ಟು, ಬಟ್ಟೆಯನ್ನು ಮುಟ್ಟಿ ನೋಡಿ, ಪುಸ್ತಕ ತೆರೆದು ಪೆನ್ನು ತೆಗೆದಳು.

"ಬರೀಲೇನಮ್ಮಾ?"

ಅಕ್ಕ ಕಣ್ಣು ಬಿಟ್ಟಿದ್ದಳು. ಅವಳು ಪರೀಕ್ಷೆಯಮ್ಮನನ್ನು ನೋಡುತ್ತಿರಲಿಲ್ಲ, ತನ್ನ ಕೈಯನ್ನು ನೋಡುತ್ತಿದ್ದಳು. ಆ ಕೈಯ ಬಳಿಯ ಕೊನೆಯ ಒಂದು ಗೇಣು ಬಟ್ಟೆ ಈಗಷ್ಟೇ ಒಣಗುತ್ತಿತ್ತು. ಇಡೀ ಜೀವಮಾನ ಬಟ್ಟೆ ಒಗೆದು ಒಣಹಾಕಿದ ಹೆಂಗಸಿಗೆ ಯಾವ ಬದಿ ಮೊದಲು ಒಣಗಿತು ಎಂದು ಹೇಳಿಕೊಡಬೇಕೆ? ಅವಳು ಬಟ್ಟೆಯ ಗುಂಟ ನೋಡುತ್ತ ನೋಡುತ್ತ ಬಂದು ಅವನ ಕೈಯಲ್ಲಿ ಕಣ್ಣು ನಿಲ್ಲಿಸಿದಳು, ಆಮೇಲೆ ಮುಖದಲ್ಲಿ. ಅವನು ಹುಬ್ಬೆತ್ತಿ, ತುಟಿ ಬಿಗಿದು, ಬೇಡ ಎಂದು ಸನ್ನೆ ಮಾಡಿದ. ಚಿಕ್ಕಂದಿನಲ್ಲಿ ಸಕ್ಕರೆ ಕದ್ದಾಗ ಅಮ್ಮನ ಮುಂದೆ ಮಾಡುತ್ತಿದ್ದ ಅದೇ ಸನ್ನೆ. ಅಕ್ಕ ಪರೀಕ್ಷೆಯಮ್ಮನ ಪೆನ್ನನ್ನು ನೋಡಿದಳು, ತೆರೆದ ಪುಸ್ತಕವನ್ನು ನೋಡಿದಳು. ಇಪ್ಪತ್ತೆರಡು ವರ್ಷವೂ ಆ ಹೊತ್ತಿನಲ್ಲಿ ಅವಳ ಕೈಯಲ್ಲೇ ಇತ್ತು, ಸುಮ್ಮನೆ 'ಹೂಂ' ಅಂದರೆ ಸಾಕಿತ್ತು.

"ಬೇಡಮ್ಮ, ಬರೀಬೇಡಿ" ಎಂದಳು ಅಕ್ಕ. "ಇದು ನಂದಲ್ಲ. ಬಿಸಿ ಆ ಕಡೆಯಿಂದ ಬಂತು." ಅಷ್ಟು ಹೇಳಿದವಳೇ ನಗತೊಡಗಿದಳು. ಏಳು ವರ್ಷದ ಹಿಂದಿನ ನಗುವಲ್ಲ ಅದು. ಭುಜ ಕುಣಿಯುವಂಥ, ಸೀರೆಯ ನೆರಿಗೆಯ ಪರಿವೆಯೇ ಇಲ್ಲದ ನಗು. ಬಂದು ಅವನ ಕಿವಿ ಹಿಂಡಿ, "ಕಳ್ಳ! ಯಾವಾಗಿಂದಲೋ? ನಂಗೆ ಹೇಳೋದಲ್ವೇನೋ? ನೋಡ್ರಿ, ನನ್ನ ತಮ್ಮ ಕಣ್ರೀ, ನನ್ನ ತಮ್ಮ!" ಎಂದು ಇಪ್ಪತ್ತು ಜನಕ್ಕೂ ತೋರಿಸಿದಳು. ಅಸೂಯೆಯನ್ನು ಹುಡುಕಿದ ಅವನು, ಅವಳ ಕಣ್ಣಲ್ಲಿ ಎಲ್ಲಾದರೂ ಒಂದು ಚೂರು ಇರಬೇಕಲ್ಲ ಎಂದು. ಇರಲಿಲ್ಲ.

ಪರೀಕ್ಷೆಯಮ್ಮ ಪೆನ್ನನ್ನು ಅಡ್ಡ ಇಟ್ಟು, ಬೇರೆ ಬಟ್ಟೆ ಒದ್ದೆ ಮಾಡಿಸಿ, ಒಂದು ತುದಿಯನ್ನು ಕಂಬಕ್ಕೆ ಕಟ್ಟಿಸಿ, ಇನ್ನೊಂದನ್ನು ಅವನ ಕೈಗೆ ಕೊಡಿಸಿದಳು. ಉಳಿದರ್ಧ ಚಹಾ ಎತ್ತಿಕೊಂಡಳು. ಆಗ ಆ ಸಣ್ಣ ಯೋಚನೆ, ದಾರಿಯಿಡೀ ಹಿಂದೆ ಬಂದದ್ದು, ಈಗ ಮುಂದೆಯೇ ಬಂದು ನಿಂತಿತು. ಹದಿನೈದನೆಯ ಹೆಸರು. ಗೋಡೆಗೆ ಒರಗಿದ ಜನ. ಹಾಲಿನವಳ ಬಾಯಿ ಮೇಲಿನ ಕೈ. ಬೇಕು, ಎಂದಿತು ಮನಸ್ಸು, ನಾಚಿಕೆಯಿಲ್ಲದೆ, ನನಗೆ ಬೇಕು. ಬಟ್ಟೆಯನ್ನು ಬಿಗಿಯಾಗಿ ಹಿಡಿದ, ಇನ್ನೂ ಬಿಗಿಯಾಗಿ. ಮಣಿಕಟ್ಟಿನಿಂದ ತಣ್ಣನೆಯ ನೀರು ಹರಿದು ಅಂಗಿಯ ತೋಳಿನೊಳಗೆ ಇಳಿಯಿತು. ಪಾದದ ಮೇಲೆ ತೊಟ್ಟಿಕ್ಕಿತು. ಪರೀಕ್ಷೆಯಮ್ಮ ಲೋಟ ಬೋರಲು ಹಾಕಿದಳು.

"ಗರಿಗರಿ, ಬಿಸಿಲಿಗೆ ಹಾಕೋ, ಒಣಗತ್ತೆ!" ಎಂದು ಕೂಗಿದ ದರ್ಜಿ.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಏಳು ವರ್ಷದ ಹಿಂದೆ ತಾನು ಆಡಿದ ಮಾತು ಇಷ್ಟು ತಣ್ಣಗಿತ್ತೆಂದು ಅವನಿಗೆ ಈಗ ಗೊತ್ತಾಯಿತು. ಕಿವಿ ಬಿಸಿಯಾಯಿತು, ಅದೊಂದೇ ಬಿಸಿ ಉಳಿದಿದ್ದುದು. ಆದರೆ ಆಶ್ಚರ್ಯವೆಂದರೆ, ಆ ಮಾತು ವಾಪಸು ಬಂದು ತಾಗಿದ್ದೇ ಯಾವುದೋ ಒಂದು ಭಾರ ಇಳಿದ ಹಾಗಾಯಿತು. ಅವನಿಗೂ ನಗು ಬಂತು, ನಕ್ಕ.

"ಆಗ ಇತ್ತು, ಈಗ ಇಲ್ಲ" ಎಂದಳು ಪರೀಕ್ಷೆಯಮ್ಮ, ಕಾಲನ್ನು ಕುರ್ಚಿಯಿಂದ ಇಳಿಸಿಕೊಳ್ಳುತ್ತ. "ಹೀಗಾಗತ್ತಪ್ಪ. ತನಗಿದೆ ಅಂತ ಗೊತ್ತಾಗಿ, ಅದನ್ನ ಹಿಡ್ಕೊಳೋಕೆ ಹೋದ್ರೆ ಹೊರಟೇ ಹೋಗತ್ತೆ. ಈ ಪುಸ್ತಕದಲ್ಲಿರೋ ಹದಿನಾಲ್ಕು ಜನರಲ್ಲಿ ಬರೆದ ಮೇಲೂ ಎಷ್ಟು ಜನಕ್ಕೆ ಉಳೀತೋ, ನಾನಂತೂ ತಿರುಗಿ ನೋಡೋಕೆ ಹೋಗಿಲ್ಲ." ಆಮೇಲೆ ಅಕ್ಕನ ಕಡೆ ತಿರುಗಿ, "ನಿನ್ನ ನಾಲ್ಕೂ ಮುಗೀತಲ್ಲಮ್ಮ" ಎಂದಳು, ಬೇಜಾರಿನಿಂದ.

"ಮುಗೀತಮ್ಮ! ಸಾಕು" ಎಂದಳು ಅಕ್ಕ. ಆಮೇಲೆ, ಇಪ್ಪತ್ತೆರಡು ವರ್ಷದಿಂದ ಎಲ್ಲಿತ್ತೋ ಆ ಗಂಟಲು, ಸಭಾಂಗಣದ ತಗಡಿನ ಮಾಡು ಝಲ್ಲೆನ್ನುವಂತೆ ಹೊರಗೆ ಬಂತು: "ಲೋ, ನೀನಿನ್ನೂ ಇಲ್ಲೇ ನಿಂತಿದೀಯಲ್ಲೋ! ಬ್ಯಾಂಡಿನವರ ಕೋಟು ಸಂಜೆಗೆ ಬೇಕು ಅಂದಿದ್ರಲ್ಲ, ಯಾರು ನಿಮ್ಮಜ್ಜ ಬಂದು ಮಾಡ್ತಾನಾ?" ಅವನು ಆಟ ಬಿಟ್ಟು ಓಡುವ ಹುಡುಗನಂತೆ ಓಡಿದ.

ಅಂಗಡಿಯಲ್ಲಿ ಹನ್ನೆರಡು ಕೆಂಪು ಕೋಟುಗಳು ಕಾದಿದ್ದವು. ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಹೊತ್ತಿಸಿ, ಊದಿ ಊದಿ ಕೆಂಡ ಮಾಡಿ, ಇಕ್ಕಳದಿಂದ ಒಂದೊಂದಾಗಿ ಪೆಟ್ಟಿಗೆಗೆ ತುಂಬಿದ. ಕೈ ಎಂದಿನ ಕೈಯಾಗಿತ್ತು, ತುಸು ತಣ್ಣಗೇ ಇತ್ತು. ಬೇಜಾರಾಯಿತೆ? ಆಯಿತು, ಸುಳ್ಳೇಕೆ. ಆದರೆ ಎರಡನೆಯ ಕೋಟಿನ ಭುಜಕ್ಕೆ ಬರುವ ಹೊತ್ತಿಗೆ ಅವನು ಸಿಳ್ಳೆ ಹಾಕುತ್ತಿದ್ದ. ಐದನೆಯದು ಮುಗಿಯುವಾಗ ಬೀದಿಯಲ್ಲಿ ಅಕ್ಕನ ದನಿ ಕೇಳಿಸಿತು. ಯಾರದೋ ಸೈಕಲ್ಲು ಅಡ್ಡ ಬಂದುದಕ್ಕೆ ಬೈಯುತ್ತಿದ್ದಳು. ಆಮೇಲೆ ಬಾಗಿಲಲ್ಲಿ ಕಾಣಿಸಿದಳು, ಎರಡೂ ಕೈಯಲ್ಲಿ ಪಾತ್ರೆ ಹಿಡಿದುಕೊಂಡು.

"ತಗೋ, ಗಂಜಿ. ಒಲೆಯಿಂದ ಇಳಿಸಿದ ಹಾಗೇ ತಂದಿದೀನಿ. ನಾನೂ ಮನೇಲಿ ಎರಡು ಸಲ ಹಾಕ್ಕೊಂಡು ತಿಂದೆ ಕಣೋ, ಏನು ರುಚಿ! ಇಷ್ಟು ವರ್ಷ ಇದನ್ನ ಯಾಕೋ ಬಿಟ್ಟಿದ್ವಿ?"

ಅವನು ಪಾತ್ರೆ ತೆಗೆದುಕೊಂಡ. "ಅಯ್ಯಮ್ಮಾ!" ಎಂದು ಮೇಜಿನ ಮೇಲೆ ದಡಕ್ಕನೆ ಕುಕ್ಕಿದ. ಬೆರಳುಗಳು ಕೆಂಪಾಗಿದ್ದವು.

"ಅಷ್ಟಕ್ಕೇ ಸುಡ್ತಾ? ಇಸ್ತ್ರಿಯವನಂತೆ ಇಸ್ತ್ರಿಯವನು" ಎಂದು ನಕ್ಕಳು ಅಕ್ಕ. ಅವನು ಬೆರಳನ್ನು ಬಾಯಲ್ಲಿಟ್ಟುಕೊಂಡು ಅವಳ ಕೈಗಳನ್ನು ನೋಡಿದ. ಅವುಗಳಲ್ಲಿ ಮಸಿಬಟ್ಟೆ ಇರಲಿಲ್ಲ. ಮನೆಯಿಂದ ಇಲ್ಲಿಗೆ ಆರು ಮನೆ, ಎರಡು ತಿರುವು, ಒಂದು ಸೈಕಲ್ಲಿನ ಜಗಳ. ಅವಳು ಆಗಲೇ ಮೇಜಿನ ಬಳಿ ಬಂದು, ಕೋಟಿನ ಮೇಲೆ ಕಣ್ಣಾಡಿಸಿ, "ಈ ಕಾಲರಿನ ಮೂಲೇಲಿ ಸುಕ್ಕು ಹಾಗೇ ಇದೆ, ಪೆಟ್ಟಿಗೆ ಆರಿಹೋಗಿದೆ ನೋಡು, ಎಲ್ಲಾ ನಾನೇ ಹೇಳ್ಬೇಕು" ಎಂದು ಗೊಣಗುತ್ತ, ಮುಚ್ಚಳ ಎತ್ತಿ, ಅಗ್ಗಿಷ್ಟಿಕೆಯಿಂದ ಕೆಂಡಗಳನ್ನು ಕಾಳಿನಲ್ಲಿ ಕಲ್ಲು ಆರಿಸುವ ಹಾಗೆ ಬೆರಳಲ್ಲೇ ಆರಿಸಿ ಆರಿಸಿ ಪೆಟ್ಟಿಗೆಗೆ ಹಾಕತೊಡಗಿದಳು. ಒಂದು ಕೆಂಡ ಸಣ್ಣದೆಂದು ವಾಪಸು ಎಸೆದಳು. ಅವಳ ಕಣ್ಣು ಇನ್ನೂ ಕಾಲರಿನ ಮೇಲೇ ಇತ್ತು.

"ಅಕ್ಕಾ" ಎಂದ ಅವನು. ದನಿ ಅವನದೇ ಎನಿಸಲಿಲ್ಲ.

"ಏನೋ?"

ಇಪ್ಪತ್ತೆರಡು ವರ್ಷ ಅವಳು ಕಾದ ಮಾತು ಅವನ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಿದರೆ ಅವಳು ತನ್ನ ಕೈಯನ್ನು ನೋಡಿಕೊಳ್ಳುತ್ತಾಳೆ. ನೋಡಿಕೊಂಡರೆ ಹಿಡಿದುಕೊಳ್ಳುತ್ತಾಳೆ. ಇಷ್ಟು ಖುಷಿಯ ಮಾತನ್ನು ನುಂಗಬೇಕಾಗಿ ಬಂದದ್ದು ಅವನಿಗೆ ಅದೇ ಮೊದಲು. ಬಿಸಿ ಗಂಜಿಯಂತೆ ಅದು ಇಳಿದ ದಾರಿಯೆಲ್ಲ ತಿಳಿಯಿತು.

"ಗಂಜಿಗೆ ಉಪ್ಪು ಸ್ವಲ್ಪ ಕಡಿಮೆ" ಎಂದ.

"ಬಾಯಿಗೇ ಇಟ್ಟಿಲ್ಲ, ಆಗ್ಲೇ ಉಪ್ಪು ಕಡಿಮೆಯಂತೆ! ತಿನ್ನು ಸುಮ್ನೆ." ಅವಳು ಕೈ ಕೊಡವಿಕೊಂಡು, ಇವತ್ತು ಎಷ್ಟು ದಣಿವಾಯಿತಪ್ಪಾ ಎನ್ನುತ್ತ, ಹಿಂದಿನ ಗೋಡೆಗೆ ಒರಗಿ ಕಾಲು ನೀಡಿ ಕೂತಳು, ಪರೀಕ್ಷೆಯಮ್ಮನ ಮಂಡಿಯ ಬಗ್ಗೆ, ಸೈಕಲ್ಲಿನವನ ಬಗ್ಗೆ, ನಾಳೆಗೆ ಏನು ಬಿಸಿ ಬಿಸಿ ಮಾಡಬಹುದು ಎಂಬ ಬಗ್ಗೆ ಮಾತಾಡುತ್ತ ಹೋದಳು. ಅವನು ಹೂಂಗುಟ್ಟುತ್ತ ಗಂಜಿ ತಿಂದು, ಆರನೆಯ ಕೋಟನ್ನು ಮೇಜಿನ ಮೇಲೆ ಹರಡಿದ. ಆಗ ಗೋಡೆಯ ಆಚೆಯಿಂದ ದರ್ಜಿಯ ದನಿ ಬಂತು.

"ಲೋ ಗರಿಗರಿ! ಏನೋ ಇದು, ಗೋಡೆ ಇಷ್ಟೊಂದು ಬೆಚ್ಚಗಿದೆ?"

"ಇಸ್ತ್ರಿ ಅಂಗಡಿ ಗೋಡೆ ಬೆಚ್ಚಗಿರದೆ ಇನ್ನೇನಿರತ್ತೋ?" ಎಂದು ಅವನು ಕೂಗಿ ಹೇಳಿದ. "ಬಾಯಿ ಮುಚ್ಕೊಂಡು ಒರಗಿಕೋ."